ಬೆನ್ನ ಹಿಂದಿನ ಲಾಡಿ

ಭಾನುವಾರ, ಮಧ್ಯಾಹ್ನ

ನನ್ನ ನೂಲುಂಡೆಗೆ,

ಲಕೋಟೆಯ ಮೇಲಿನ ಕೈಬರಹ ನೋಡಿಯೇ ನಿನ್ನ ಹುಬ್ಬು ಮೇಲೇರಿರುತ್ತದೆ. ಅಮ್ಮ ಕಾಗದ ಬರೆದಿದ್ದಾಳೆ ಎಂದರೆ ಒಂದೋ ನೆಂಟರಲ್ಲಿ ಯಾರೋ ಹೋಗಿರಬೇಕು, ಇಲ್ಲವೇ ಅಮ್ಮ ಸೋತಿರಬೇಕು ಎಂದುಕೊಳ್ಳುತ್ತೀಯ. ನೆಂಟರೆಲ್ಲ ಗಟ್ಟಿಮುಟ್ಟಾಗಿದ್ದಾರೆ. ಇನ್ನು ಸೋಲಿನ ವಿಚಾರ, ಅದನ್ನು ಪೂರ್ತಿ ಓದಿದ ಮೇಲೆ ನೀನೇ ತೀರ್ಮಾನ ಮಾಡು.

ನಿನ್ನ ಫೋನು ಬಂದಾಗಲೆಲ್ಲ ಅದು ಬಡಿದುಕೊಂಡು ತಾನಾಗಿ ಸುಮ್ಮನಾಗುವವರೆಗೂ ನೋಡುತ್ತಾ ಕೂತಿದ್ದೆ. ಎತ್ತಿದ್ದರೆ ಮೂರನೆಯ ಮಾತಿಗೆ ಜಗಳ ಶುರುವಾಗುತ್ತಿತ್ತು. ನಿನಗೆ ಮೂಗಿನ ತುದಿಯಲ್ಲೇ ಕೋಪ. ಅದು ಎಲ್ಲಿಂದ ಬಂತೆಂದು ಯಾರೂ ದೂರ ಹುಡುಕಬೇಕಾಗಿಲ್ಲ. ಕಾಗದದಲ್ಲಾದರೆ ಹೇಳುವುದನ್ನೆಲ್ಲ ನಾನು ಹೇಳಿ ಮುಗಿಸಬಹುದು, ನೀನು ನಡುವೆ ಬಾಯಿ ಹಾಕುವಂತಿಲ್ಲ.

ನಿನಗೆ ಬೇಕಾದ ಸುದ್ದಿ ಒಂದೇ ಎಂದು ಗೊತ್ತು. ಹೊಟ್ಟೆಯೊಳಗಿನ ಗಡ್ಡೆ ತೆಗೆಸಿಕೊಳ್ಳಲು ಅಮ್ಮ ಹೋಗುತ್ತಾಳೋ ಇಲ್ಲವೋ? ಡಾಕ್ಟರು ಬರುವ ಶುಕ್ರವಾರ ಅಂದಿದ್ದಾರೆ. ಇನ್ನೂ ತಡ ಮಾಡಿದರೆ ತಮ್ಮ ಕೈಮೀರಿ ಹೋಗಬಹುದು ಎಂದೂ ಅಂದಿದ್ದಾರೆ. ನಾನು ಏನು ಉತ್ತರ ಕೊಟ್ಟೆ ಎನ್ನುವುದನ್ನು ಇಲ್ಲೇ ಬರೆದುಬಿಟ್ಟರೆ ಮುಂದಿನದನ್ನು ನೀನು ಓದುವುದಿಲ್ಲ. ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದುವವಳು ನೀನು. ಈ ಸಲ ಆ ಚಾಳಿ ಬಿಟ್ಟು ಸಾಲಾಗಿ ಓದು.

ಹೋದ ಸಲ ನಾನು ಆಸ್ಪತ್ರೆಯಿಂದ ಓಡಿಬಂದದ್ದು ಯಾಕೆ ಎಂದು ನಿನಗೆ ಸರಿಯಾಗಿ ಹೇಳಲೇ ಇಲ್ಲ. ಭಯ ಬಿದ್ದಿದ್ದಾಳೆ ಎಂದು ನೀನೇ ಅಂದುಕೊಂಡೆ. ನಾನೂ ಹೂಂ ಅಂದೆ. ಭಯ ಇರಲಿಲ್ಲ ಎಂದಲ್ಲ, ಆದರೆ ಓಡಿಸಿದ್ದು ಭಯವಲ್ಲ. ಗೌನು.

ಆಸ್ಪತ್ರೆಗೆ ಸೇರಿಕೊಂಡ ಕೂಡಲೇ ನನ್ನ ಬಟ್ಟೆಯನ್ನೆಲ್ಲ ಒಂದು ಚೀಲಕ್ಕೆ ತುಂಬಿಸಿ, ಆಸ್ಪತ್ರೆಯ ಗೌನು ಕೈಗೆ ಕೊಟ್ಟರು. ಅದು ಮುಂದೆ ಮುಚ್ಚಿ ಹಿಂದೆ ತೆರೆದಿರುವ ಬಟ್ಟೆ ಎಂಬುದು ನಿನಗೂ ಗೊತ್ತು. ಹಿಂದೆ ಕಟ್ಟಿಕೊಳ್ಳಲು ಎರಡು ಕಡೆ ಲಾಡಿ ಇರಬೇಕು, ಕತ್ತಿನ ಹತ್ತಿರ ಒಂದು ಜೊತೆ, ಸೊಂಟದ ಹತ್ತಿರ ಒಂದು ಜೊತೆ. ನನ್ನದಕ್ಕೆ ಕತ್ತಿನದು ಒಂದೆಳೆ ದಾರದಲ್ಲಿ ನೇತಾಡುತ್ತಿತ್ತು. ಸೊಂಟದ್ದು ಇರಲೇ ಇಲ್ಲ. ಅದನ್ನು ಹಾಕಿಕೊಂಡು ಎಕ್ಸ್‌ರೇ ಕೋಣೆಗೆ ನಡೆದು ಹೋಗಿ ಅಂದರು. ಆ ಕಾರಿಡಾರ್ ಎಷ್ಟು ಉದ್ದ ಎಂದರೆ ಆ ತುದಿಯಲ್ಲಿ ನಿಂತವರು ಹೆಂಗಸೋ ಗಂಡಸೋ ಈ ತುದಿಗೆ ತಿಳಿಯುವುದಿಲ್ಲ. ಎರಡೂ ಬದಿಗೆ ಬೆಂಚು, ಬೆಂಚಿನ ತುಂಬ ಜನ. ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯನ್ನು ಹಿಂದಕ್ಕೆ ಮಡಚಿ ಬಟ್ಟೆಯನ್ನು ಹಿಡಿದುಕೊಂಡು ಗೋಡೆಗೆ ಒತ್ತಿಕೊಂಡು ನಡೆದೆ.

ಆಗಲೇ ಹೆಡ್‌ಮಿಸ್ಟ್ರೆಸ್ ಎದುರಾಗಬೇಕೆ? ಅದೇ, ಇಬ್ಬರು ಹೆಣ್ಣುಮಕ್ಕಳಿಗೂ ನನ್ನ ಹತ್ತಿರವೇ ಫ್ರಾಕು ಹೊಲಿಸುತ್ತಿದ್ದವರು. ಅಯ್ಯೋ ನೀವಾ, ಎಷ್ಟು ವರ್ಷ ಆಯ್ತು ಎಂದು ಬಾಯಿ ತುಂಬ ನಕ್ಕು ಕೈ ಮುಂದೆ ಚಾಚಿದರು. ಚೀಟಿಯ ಕೈ ಕೊಡಲೋ, ಬಟ್ಟೆಯ ಕೈ ಕೊಡಲೋ? ಯಾವುದನ್ನೂ ಕೊಡದೆ ಕಂಬದ ಹಾಗೆ ನಿಂತೆ. ಅವರ ಕೈ ಗಾಳಿಯಲ್ಲೇ ಉಳಿಯಿತು. ಪಾಪ, ಕಾಯಿಲೆಯ ತಲೆ ಎಂದುಕೊಂಡು ಅವರು ಹೋದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ, ನನ್ನದು ಒಂದು ಲಾಡಿಗೆ ಹೋಯಿತು. ಊರ ಮಕ್ಕಳಿಗೆಲ್ಲ ಅಳತೆ ತಪ್ಪದೆ ಬಟ್ಟೆ ತೊಡಿಸಿದವಳು ಬೆನ್ನು ಮುಚ್ಚಿಕೊಳ್ಳಲಾಗದೆ ಕಣ್ಣೀರು ಹಾಕಿದೆ. ವಾಪಸು ಬಂದು ಗೌನಿನ ಮೇಲೆಯೇ ಕೋಟು ಹಾಕಿಕೊಂಡು, ಬಟ್ಟೆಯ ಚೀಲ ಎತ್ತಿಕೊಂಡು, ಬಟ್ಟೆ ಒಗೆಯುವ ಕಡೆಯ ಸಣ್ಣ ಗೇಟಿನಿಂದ ಹೊರಬಿದ್ದೆ.

ಆಮೇಲಿನದು ನಿನಗೆ ಗೊತ್ತು. ನೀನು ಬಸ್ಸು ಹಿಡಿದು ಓಡಿಬಂದೆ. ನನ್ನ ಊರಿಗೆ ಬಾ, ಅಲ್ಲೇ ಆಪರೇಷನ್ ಮಾಡಿಸೋಣ, ರಜೆ ಹಾಕುತ್ತೇನೆ, ಸ್ನಾನದಿಂದ ಹಿಡಿದು ಎಲ್ಲ ನಾನು ನೋಡಿಕೊಳ್ಳುತ್ತೇನೆ ಅಂದೆ. ನಾನು, ನನ್ನ ಕೆಲಸ ನನಗೆ ಮಾಡಿಕೊಳ್ಳಲು ಬರುತ್ತದೆ, ನಿನ್ನ ಹಂಗು ಬೇಡ ಅಂದೆ. 'ಹಂಗು' ಎಂಬ ಪದ ಬಾಯಿಂದ ಬಿದ್ದ ಮೇಲೆ ನಿನ್ನ ಮುಖ ನೋಡಿದೆ. "ಯಾರಾದ್ರೂ ನಿಂಗೆ ಏನಾದ್ರೂ ಮಾಡಿದ್ರೆ ಮೈಮೇಲೆ ಕೆಂಡ ಬಿದ್ದಂಗೆ ಆಡ್ತೀಯ ಕಣಮ್ಮ. ಮಗಳಾಗಿ ನಾನೇನು ಮಾಡ್ಲಿ? ಸುಮ್ನೆ ದೂರ ನಿಂತು ನೋಡ್ತಾ ಇರ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದೆ. ಬಾಗಿಲನ್ನು ನೀನು ಜೋರಾಗಿ ಹಾಕಿಕೊಂಡು ಹೋಗಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಎಳೆದುಕೊಂಡು ಹೋದೆ.

ನೀನು ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಆ ಕದ್ದ ಗೌನು. ಕುರ್ಚಿಯ ಬೆನ್ನ ಮೇಲೆ ಬಿದ್ದುಕೊಂಡು ನನ್ನನ್ನೇ ನೋಡುತ್ತಿತ್ತು. ಹರಿದ ಬಟ್ಟೆ ಕಣ್ಣೆದುರಿಗಿದ್ದರೆ ನನಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ, ಅದು ಶತ್ರುವಿನ ಬಟ್ಟೆಯಾದರೂ ಸರಿ. ಒಗೆದೆ, ಇಸ್ತ್ರಿ ಮಾಡಿದೆ. ಅಂಗಡಿ ಮುಚ್ಚಿದಾಗ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದ ಚೂರು ಬಟ್ಟೆಗಳಲ್ಲಿ ನೀಲಿಯ ಮೇಲೆ ಹಳದಿ ಬಾತುಕೋಳಿಗಳಿದ್ದ ತುಂಡು ಸಿಕ್ಕಿತು. ನಿನ್ನ ಒಂದು ಫ್ರಾಕಿನಲ್ಲಿ ಉಳಿದದ್ದೇ ಅದು. ಅದನ್ನು ಪಟ್ಟಿಯಾಗಿ ಕತ್ತರಿಸಿ, ಮಡಚಿ ಹೊಲಿದು, ನಾಲ್ಕು ಗಟ್ಟಿ ಲಾಡಿ ಮಾಡಿ ಗೌನಿಗೆ ಕೂರಿಸಿದೆ. ಬೆಳಿಗ್ಗೆ ಹೋಗಿ ಒಗೆಯುವವರ ಬುಟ್ಟಿಗೆ ಎಸೆದು ಬಂದುಬಿಡೋಣ ಎಂದು ಹೊರಟೆ.

ಬುಟ್ಟಿಯ ಹತ್ತಿರವೇ ದೊಡ್ಡ ಸಿಸ್ಟರ್ ನಿಂತಿದ್ದರು. ಹೆಂಗಸರ ವಾರ್ಡಿಗೆಲ್ಲ ಅವರೇ ಯಜಮಾನಿ. ದಪ್ಪ ಮೈ, ಕಿರುಗುಟ್ಟುವ ಬೂಟು, ದೂರದಿಂದಲೇ ಬರುತ್ತಿರುವುದು ಕೇಳಿಸುತ್ತದೆ. ಅವತ್ತು ಮಾತ್ರ ಅವರು ಕದಲದೆ ನಿಂತಿದ್ದರು, ಅದಕ್ಕೇ ಸಿಕ್ಕಿಬಿದ್ದೆ. "ಓಡಿಹೋದ ಕಳ್ಳಿ ತಾನಾಗೇ ಬಂದ್ಲು ನೋಡಿ" ಅಂದರು. ಗೌನು ಬಿಚ್ಚಿ ಲಾಡಿಯನ್ನು ಜಗ್ಗಿ ನೋಡಿದರು. ಬಾತುಕೋಳಿಗಳನ್ನೂ ನೋಡಿದರು. ನನ್ನನ್ನು ಒಂದು ಕೋಣೆಗೆ ಕರೆದುಕೊಂಡು ಹೋಗಿ ಕಪಾಟು ತೆಗೆದರು. ಒಳಗೆ ಗೌನುಗಳ ಗುಡ್ಡೆ, ಒಂದಕ್ಕೂ ಸರಿಯಾದ ಲಾಡಿ ಇಲ್ಲ. ಒಗೆಯುವ ಯಂತ್ರ ಎಲ್ಲವನ್ನೂ ಕಿತ್ತು ತಿನ್ನುತ್ತದಂತೆ, ಹೊಲಿಯುವವರು ಯಾರೂ ಇಲ್ಲವಂತೆ. ಕೊನೆಗೆ, "ನಿಮ್ಮ ಗಡ್ಡೆ ಏನು ಮಾಡ್ತಿದೆ?" ಎಂದರು. ಇದೆ ಅಂದೆ. "ಅದಕ್ಕೆ ಕಾಲಿಲ್ಲ, ಓಡಿಹೋಗಲ್ಲ. ನೀವೇ ಬರ್ಬೇಕು" ಅಂದರು.

ನೂಲುಂಡೆ, 'ಸೇವೆ' ಎಂಬ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿ. ಯಾಕೆಂದು ನಿನಗೆ ಹೇಳಿರಲಿಲ್ಲ. ನಿನ್ನಪ್ಪ ತೀರಿಕೊಂಡಾಗ ನೀನು ಇನ್ನೂ ಮೆಷಿನ್ನಿನ ಕೆಳಗೆ ದಾರದ ಉಂಡೆಯ ಹಿಂದೆ ಅಂಬೆಗಾಲಿಡುತ್ತಿದ್ದೆ. ಯಾವುದೋ ಸೇವಾ ಸಂಘದವರು ಹಳೆಯ ಬಟ್ಟೆಯ ಗಂಟು ತಂದರು. ನಿನ್ನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಲ್ಲಿ, ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ, ಸ್ವಲ್ಪ ಈ ಕಡೆ ನೋಡಿ ಎಂದು ಫೋಟೋ ತೆಗೆದರು. ನಿನ್ನನ್ನೂ ಗಂಟನ್ನೂ ಒಟ್ಟಿಗೆ ಹಿಡಿಯುವುದು ಹೇಗೆಂದು ಅವರೇನೂ ಯೋಚಿಸಿರಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದು. ಆ ತೀರ್ಮಾನದ ಮೇಲೆಯೇ ಅಂಗಡಿ ಕಟ್ಟಿದೆ, ನಿನ್ನನ್ನು ಬೆಳೆಸಿದೆ. ಅದು ನನ್ನನ್ನು ಉಳಿಸಿತು, ಇಲ್ಲ ಎನ್ನುವುದಿಲ್ಲ.

ಹಾಗಾಗಿ ಕಪಾಟಿನ ಗುಡ್ಡೆಯನ್ನು ಸೇವೆ ಎಂದು ಎತ್ತಿಕೊಳ್ಳಲಿಲ್ಲ, ಗೌನು ಕದ್ದ ತಪ್ಪಿಗೆ ದಂಡ ಎಂದು ಎತ್ತಿಕೊಂಡೆ. ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಅಂಗಡಿ ಮುಚ್ಚಿದ ಮೇಲೆ ಅದರ ಸದ್ದೇ ಮರೆತಿದ್ದೆ. ಪೆಡಲು ತುಳಿಯುತ್ತಿದ್ದ ಹಾಗೆ ಹೊಟ್ಟೆಯೊಳಗಿನದು ಸ್ವಲ್ಪ ಹೊತ್ತು ಮರೆತೇಹೋಯಿತು. ಚೆರ್ರಿ ಹಣ್ಣಿನದು, ಕೊಡೆಯದು, ಚುಕ್ಕಿಯದು, ಪೆಟ್ಟಿಗೆಯಲ್ಲಿದ್ದ ಎಲ್ಲ ಚೂರೂ ಲಾಡಿಯಾದವು. ಹುಮ್ಮಸ್ಸಿನಲ್ಲಿ ನನಗೂ ಒಂದು ಗೌನು ಹೊಲಿದುಕೊಂಡೆ, ಹೊಸ ಬಟ್ಟೆಯದು. ಅದರ ವಿಷಯ ಆಮೇಲೆ.

ಮೊದಲ ಕಂತು ವಾರ್ಡಿಗೆ ಹೋಯಿತು. ಎರಡನೆಯದನ್ನು ತೆಗೆದುಕೊಂಡು ಹೋದಾಗ ದೊಡ್ಡ ಸಿಸ್ಟರ್ ಒಂದು ಗೌನನ್ನು ತಮ್ಮ ಮೈಗೆ ಹಿಡಿದುಕೊಂಡು, ಕೈಯನ್ನು ಹಿಂದಕ್ಕೆ ತಿರುಗಿಸಿ ತಡಕಾಡಿ ತೋರಿಸಿದರು. "ಇದನ್ನ ಯಾರಿಗೆ ಹೊಲಿದಿದ್ದೀರಮ್ಮಾ? ಐದು ವರ್ಷದ ಮಗೂಗಾ?" ಅಂದರು. ಆಗ ನೋಡಿದೆ. ಲಾಡಿ ಉದ್ದವಾಗಿರಬೇಕು, ಸೊಂಟ ಸುತ್ತಿ ಮುಂದೆ ಬರಬೇಕು, ಕಾಯಿಲೆಯವರು ತಾವೇ ಪಕ್ಕದಲ್ಲಿ ಗಂಟು ಹಾಕಿಕೊಳ್ಳುವ ಹಾಗಿರಬೇಕು. ನಾನು ಜೀವನವಿಡೀ ಹೊಲಿದದ್ದು ಮಕ್ಕಳ ಫ್ರಾಕು. ಫ್ರಾಕಿನ ಲಾಡಿ ಗಿಡ್ಡ, ಬೆನ್ನಿನ ನಟ್ಟನಡುವೆ. ಮಗು ತನ್ನಷ್ಟಕ್ಕೆ ಕಟ್ಟಿಕೊಳ್ಳುವುದಿಲ್ಲ, ಹಿಂದೆ ಅಮ್ಮ ಇರುತ್ತಾಳೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಹೊಟ್ಟೆ ಕೊಯ್ಸಿಕೊಂಡ ಹೆಂಗಸು ಕೈಯನ್ನು ಬೆನ್ನ ಹಿಂದೆ ಮುರಿದು ಗಂಟು ಹಾಕಿಕೊಳ್ಳುವುದು ಹೇಗೆ? ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಈಗಲೇ ವಾರ್ಡಿಗೆ ಹೋಗಿ ಎಲ್ಲ ವಾಪಸು ತರುತ್ತೇನೆ, ಬಿಚ್ಚಿ ಸರಿಯಾಗಿ ಹೊಲಿಯುತ್ತೇನೆ ಎಂದು ಕತ್ತರಿ ಹಿಡಿದು ಹೊರಟೆ. ದೊಡ್ಡ ಸಿಸ್ಟರ್, "ಹೋಗಿ, ಒಂದ್ಸಲ ನೋಡಿ ಬನ್ನಿ" ಅಂದರು. ಅವರ ತುಟಿಯ ಮೂಲೆಯಲ್ಲಿ ನಗು ಇತ್ತು, ಆಗ ನನಗೆ ಅರ್ಥವಾಗಲಿಲ್ಲ.

ವಾರ್ಡಿನ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ.

ಬೆಳಗಿನ ಮೈ ಒರೆಸುವ ಹೊತ್ತು ಮುಗಿದು ಎಲ್ಲರೂ ಒಗೆದ ಗೌನು ಹಾಕಿಕೊಳ್ಳುತ್ತಿದ್ದರು. ಕಿಟಕಿಗಳಿಂದ ಬಿಸಿಲು ಉದ್ದುದ್ದವಾಗಿ ಬಿದ್ದಿತ್ತು. ಹಾಸಿಗೆಯ ಅಂಚಿನಲ್ಲಿ ಹೆಂಗಸರು ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿದ್ದರು. ಒಬ್ಬಳ ಬೆನ್ನಿಗೆ ಇನ್ನೊಬ್ಬಳು ಕಟ್ಟುತ್ತಿದ್ದಳು, ಆ ಇನ್ನೊಬ್ಬಳ ಬೆನ್ನಿಗೆ ಮತ್ತೊಬ್ಬಳು. ನಡೆಯಲು ಆಗುವವರು ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಎದ್ದು, ನಡೆಯಲಾಗದವರ ಹಾಸಿಗೆಗೆ ಹೋಗುತ್ತಿದ್ದರು. ಅಯ್ಯೋ ಬಿಗಿಯಾಯ್ತು, ಉಸಿರು ಬಿಡೋಕಾದ್ರೂ ಜಾಗ ಬಿಡಿ ಎಂದು ಒಬ್ಬಳು ಗೊಣಗಿದರೆ, ಇಷ್ಟು ತೆಳ್ಳಗಾದ್ರೆ ಲಾಡಿ ತಾನೇ ಏನು ಮಾಡತ್ತೆ ಎಂದು ಇನ್ನೊಬ್ಬಳು. ನಾನು ಸೇರಿಕೊಂಡ ದಿನ ಇದೇ ವಾರ್ಡಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರೂ ಅವರವರ ಹೊದಿಕೆಯೊಳಗೆ, ಅವರವರ ನೋವಿನ ಜೊತೆ ಇದ್ದರು.

ಮೂರನೆಯ ಹಾಸಿಗೆಯ ಹತ್ತಿರ ನಡೆದದ್ದನ್ನು ನೀನು ನೋಡಬೇಕಿತ್ತು. ಅಲ್ಲಿ ಒಬ್ಬಳು ಬಸ್ ಕಂಡಕ್ಟರ್. ಬಸ್ಸಿನಿಂದ ಬಿದ್ದು ಮುರಿದ ಬಲಗೈ ಮೊಣಕೈಗಿಂತ ಮೇಲಿನವರೆಗೂ ಪ್ಲಾಸ್ಟರಿನಲ್ಲಿ. ಪಕ್ಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಜೀವನವಿಡೀ ಊರಿಗೆಲ್ಲ ಹಲೋ ಅಂದವಳು ಆಪರೇಷನ್ ಆದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ಹೆತ್ತ ಮಗನಿಗೂ ಒಂದು ಮಾತಾಡಿರಲಿಲ್ಲವಂತೆ. ಅವಳ ಎಡಗೈಗೆ ಡ್ರಿಪ್ ಹಾಕಿದ್ದರು. ಇವರಿಬ್ಬರ ಮುಂದೆ ಬೆನ್ನು ಕೊಟ್ಟು ಕೂತಿದ್ದವಳು ಒಬ್ಬ ಕಾಲೇಜು ಹುಡುಗಿ. ಕಂಡಕ್ಟರು ಹೇಳುತ್ತಿದ್ದಳು, "ಅಮ್ಮಾ, ನಂಗೆ ಎಡಗೈ ಒಂದೇ. ನಿಮಗೆ ಬಲಗೈ ಖಾಲಿ ಇದೆ. ಆ ತುದಿ ಹಿಡ್ಕೊಳ್ಳಿ, ಈ ತುದಿ ನಾನು ಹಿಡ್ಕೋತೀನಿ." ಟೆಲಿಫೋನಿನವಳು ಹಿಡಿದಳು. ಕಂಡಕ್ಟರು ತನ್ನ ತುದಿಯನ್ನು ದಾಟಿಸಿದಳು. ಅವಳು ಕುಣಿಕೆ ಮಾಡಿದಳು, ಇವಳು ಸುತ್ತಿದಳು, ಅವಳು ಬೆರಳು ತೂರಿಸಿ ಎಳೆದಳು. ಒಂದು ಸಲ ಜಾರಿತು. ಮತ್ತೆ ಮಾಡಿದರು. ಆ ಹುಡುಗಿಯ ಬೆನ್ನಿನ ನಡುವೆ ಬಾತುಕೋಳಿಯ ಗಂಟು ಹೂವಿನ ಹಾಗೆ ಕೂತಿತು.

ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಎಂಬುದನ್ನು ಜಗಳ ಬಿಡಿಸುವಾಗ ಮಾತ್ರ ಹೇಳಿ ಗೊತ್ತಿತ್ತು ನನಗೆ. ಎರಡು ಬೇರೆ ಬೇರೆ ಮೈಗಳ ಒಂದೊಂದು ಕೈ ಸೇರಿ ಮೂರನೆಯವಳಿಗೆ ಗಂಟು ಹಾಕುವುದನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ. ಕಣ್ಣು ತುಂಬಿತು, ಈ ಸಲ ನಾಚಿಕೆಯಿಂದಲ್ಲ. ನಾನೇನೋ ಮಹಾ ಉಪಕಾರ ಮಾಡಿದೆ ಎನ್ನುವ ಹೆಮ್ಮೆಯೂ ಅಲ್ಲ, ನಾನು ಮಾಡಿದ್ದು ತಪ್ಪು ಹೊಲಿಗೆ. ಆ ತಪ್ಪನ್ನು ತೆಗೆದುಕೊಂಡು ಈ ಹೆಂಗಸರು ಇಷ್ಟು ದೊಡ್ಡದನ್ನು ಮಾಡಿಬಿಟ್ಟಿದ್ದಾರಲ್ಲ ಎಂದು ಬೆರಗಾಯಿತು.

ಬೂಟು ಕಿರುಗುಟ್ಟಿತು. ದೊಡ್ಡ ಸಿಸ್ಟರ್ ಹಿಂದೆ ಬಂದು ನಿಂತಿದ್ದರು. ಮೊದಲ ದಿನ ಎಲ್ಲರೂ ಲಾಡಿ ಕಟ್ಟಿ ಎಂದು ನರ್ಸುಗಳನ್ನೇ ಕೂಗಿದರಂತೆ. ಇವರಿಗೆ ಕೈ ತೆರಪಿಲ್ಲ. ಆಗ ಯಾರೋ ಒಬ್ಬಳು, ಬನ್ನಿ ನಾನು ಕಟ್ತೀನಿ ಅಂದಳಂತೆ. ಅಲ್ಲಿಂದ ಶುರು. "ಆ ಟೆಲಿಫೋನ್ ಅಮ್ಮ ಇದ್ದಾರಲ್ಲ, ಮಾತ್ರೆ ತಗೊಳ್ಳಿ ಅಂದ್ರೆ ತಿರುಗಿಲ್ಲ, ಮಗ ಬಂದಿದ್ದಾನೆ ಅಂದ್ರೂ ತಿರುಗಿಲ್ಲ. ಲಾಡಿ ಹಿಡ್ಕೊಳ್ಳಿ ಅಂದ್ರೆ ತಿರುಗಿದ್ರು. ನಿಮ್ಮ ಸಹಾಯ ಬೇಕು ಅಂತ ನಾವ್ಯಾರೂ ಅವರನ್ನ ಕೇಳೇ ಇರ್ಲಿಲ್ಲ ನೋಡಿ" ಅಂದರು. ಅದೇ ಹೊತ್ತಿಗೆ ರೌಂಡ್ಸಿಗೆ ಬಂದ ಡಾಕ್ಟರನ್ನು, ಲಾಡಿಯಿಂದ ಗಾಯ ಬೇಗ ಮಾಯುತ್ತದೆಯೇ ಎಂದು ಕೇಳಿಯೇಬಿಟ್ಟೆ. ಅವರು ನಕ್ಕರು. ಗಾಯಕ್ಕೂ ಲಾಡಿಗೂ ಏನೂ ಸಂಬಂಧ ಇಲ್ಲವಂತೆ. "ಆದ್ರೆ ಎದ್ದು ನಾಲ್ಕು ಹೆಜ್ಜೆ ಓಡಾಡಿ ಅಂತ ನಾನು ದಿನಾ ಬೇಡ್ಕೋತಿದ್ದೆ. ಈಗ ಹೇಳದೇ ಓಡಾಡ್ತಿದ್ದಾರೆ. ಓಡಾಡೋರು ಬೇಗ ಮನೆಗೆ ಹೋಗ್ತಾರೆ" ಅಂದರು.

ನಾನು ಮಾತ್ರ ಕತ್ತರಿ ಹಿಡಿದು ಬಂದ ಕೆಲಸ ಮರೆತಿರಲಿಲ್ಲ. ತಪ್ಪಾಗಿದೆ, ಎಲ್ಲ ಬಿಚ್ಚಿ ಕೊಡಿ, ನೀವೇ ಕಟ್ಟಿಕೊಳ್ಳುವ ಹಾಗೆ ಉದ್ದ ಲಾಡಿ ಹಾಕಿ ತರುತ್ತೇನೆ ಅಂದೆ. ವಾರ್ಡಿಗೆ ವಾರ್ಡೇ ನನ್ನ ಕಡೆ ತಿರುಗಿತು. ಕಂಡಕ್ಟರು ಪ್ಲಾಸ್ಟರಿನ ಕೈಯನ್ನು ಅಡ್ಡ ಹಿಡಿದು, "ಕತ್ತರಿ ಒಳಗಿಡಿ ಅಮ್ಮಾ. ಟಿಕೆಟ್ ತಗೊಂಡವರನ್ನ ದಾರೀಲಿ ಇಳಿಸೋ ಹಂಗಿಲ್ಲ" ಅಂದಳು. ಎಲ್ಲರೂ ಗೊಳ್ಳೆಂದು ನಕ್ಕು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ನಗಿಸಬೇಡಿ ಎಂದು ಬೈದರು. ಬಂದದ್ದು ಬಂದಿದ್ದೀರಿ, ನನ್ನದೊಂದು ಕಟ್ಟಿಕೊಡಿ ಎಂದು ಕಂಡಕ್ಟರು ನನ್ನ ಕಡೆ ಬೆನ್ನು ತಿರುಗಿಸಿದಳು.

ಕಟ್ಟಿದೆ. ಎಷ್ಟು ಮಕ್ಕಳಿಗೆ ಫ್ರಾಕು ತೊಡಿಸಿ ನೋಡಿ ಬೆನ್ನಿಗೆ ಗಂಟು ಹಾಕಿದ್ದೇನೋ, ಕೈಗೆ ತಾನಾಗಿ ಗೊತ್ತು. ಮಕ್ಕಳು ಎಷ್ಟೇ ತುಂಟರಾದರೂ ಆ ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ನೀನೂ ನಿಲ್ಲುತ್ತಿದ್ದೆ. ಕತ್ತನ್ನು ಸ್ವಲ್ಪ ಬಗ್ಗಿಸಿ, ಕೂದಲನ್ನು ನೀನೇ ಪಕ್ಕಕ್ಕೆ ಸರಿಸಿಕೊಂಡು ನಿಲ್ಲುತ್ತಿದ್ದೆ. ಬಸ್ಸಿನಲ್ಲಿ ದಿನವಿಡೀ ಊರಿನ ಜೊತೆ ಜಗಳವಾಡುವ ಹೆಂಗಸು, ಹಾಗೆಯೇ ಕತ್ತು ಬಗ್ಗಿಸಿ ನಿಂತಳು.

ಆಗ ಟೆಲಿಫೋನಿನವಳು ಮಾತಾಡಿದಳು. ಬಹಳ ದಿನ ಬಳಸದ ಧ್ವನಿ, ಸ್ವಲ್ಪ ತುಕ್ಕು ಹಿಡಿದಿತ್ತು. ಸುತ್ತಲೂ ಎಲ್ಲರೂ ಅವಳ ಕಡೆ ತಿರುಗಿದರು, ದೊಡ್ಡ ಸಿಸ್ಟರ್ ಕೂಡ. ಅವಳು ನನ್ನನ್ನೇ ನೋಡಿ ಕೇಳಿದಳು, "ನಿಮ್ಮದನ್ನ ಯಾರು ಕಟ್ತಾರೆ?"

ನನಗೇನಾಗಿದೆ, ನಾನು ಗಟ್ಟಿಯಾಗಿದ್ದೇನೆ ಅಂದೆ. ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡು, ವಾರ್ಡಿನ ನಡುವೆ ನಿಂತು, ರಾಜಾರೋಷವಾಗಿ ಸುಳ್ಳು ಹೇಳಿದೆ. ಅವಳು ಗೋಡೆಯ ಕಡೆ ತಿರುಗಲಿಲ್ಲ, ನನ್ನನ್ನು ನೋಡುತ್ತಲೇ ಇದ್ದಳು.

ಎಲ್ಲರೂ ಗುಣವಾಗಿ ಹೋದರು ಎಂದು ಬರೆದರೆ ನೀನು ನಂಬುವುದಿಲ್ಲ, ನಂಬಬೇಡ. ಬಾಗಿಲ ಹತ್ತಿರದ ಹಾಸಿಗೆಯ ಅಜ್ಜಿ ಉಳಿಯಲಿಲ್ಲ. ಆಕೆಗೆ ಯಾರೂ ಬರುವವರಿರಲಿಲ್ಲ. ಕೊನೆಯ ದಿನ ಬೆಳಿಗ್ಗೆಯೂ ಆ ಅಜ್ಜಿ ಲಾಡಿ ಕಟ್ಟಿ ಎಂದು ಸನ್ನೆ ಮಾಡಿದಳಂತೆ. ಕಾಲೇಜು ಹುಡುಗಿ ಕಟ್ಟಿದಳಂತೆ, ತಲೆಯನ್ನೂ ಬಾಚಿದಳಂತೆ. ನಾನು ಹೋದಾಗ ಆ ಹಾಸಿಗೆ ಖಾಲಿ ಇತ್ತು. ಹುಡುಗಿ ಅಳುತ್ತಿದ್ದಳು, ಟೆಲಿಫೋನಿನವಳು ಅವಳ ಬೆನ್ನು ಸವರುತ್ತಾ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ಸಾವನ್ನು ಲಾಡಿ ತಡೆಯುವುದಿಲ್ಲ. ಆದರೆ ಆ ಅಜ್ಜಿ ಯಾರಿಗೂ ಬೇಡದವಳಾಗಿ ಹೋಗಲಿಲ್ಲ, ಅಷ್ಟು ನನಗೆ ಗೊತ್ತು. ಅದು ಎಷ್ಟು ದೊಡ್ಡದು ಎಂದು ಯೋಚಿಸಿದಷ್ಟೂ ನನಗೆ ತಲೆ ಬಾಗುತ್ತದೆ.

ನೀನು ಮಕ್ಕಳಿಗೆ ಈಜು ಕಲಿಸುವಾಗ ನಾನು ಒಮ್ಮೆ ಬಂದು ನೋಡಿದ್ದೆ, ನೆನಪಿದೆಯಾ? ನೀರಿನ ಮೇಲೆ ಮೈ ಬಿಡು, ಕೆಳಗೆ ನನ್ನ ಕೈ ಇದೆ ಎಂದು ನೀನು ಹೇಳುತ್ತಿದ್ದೆ. ಒಂದು ಮಗು ಮೈ ಸೆಟೆದುಕೊಂಡು ಮುಳುಗಿ ಮುಳುಗಿ ಏಳುತ್ತಿತ್ತು. ಎಂಥ ಹಟಮಾರಿ ಎಂದು ನಾನು ದಡದಲ್ಲಿ ಕೂತು ನಕ್ಕಿದ್ದೆ. ಈಗ ಆ ಮಗುವಿನ ಕಷ್ಟ ನನಗೆ ಅರ್ಥವಾಗುತ್ತದೆ.

ಕೊಡುವವರ ಕೈ ಮೇಲೆ, ತೆಗೆದುಕೊಳ್ಳುವವರ ಕೈ ಕೆಳಗೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಆ ಫೋಟೋದವರು ಹಾಗೆ ಕಲಿಸಿಬಿಟ್ಟಿದ್ದರು. ವಾರ್ಡಿನಲ್ಲಿ ಯಾರ ಕೈ ಮೇಲಿತ್ತು, ಯಾರದು ಕೆಳಗಿತ್ತು ಎಂದು ಎಷ್ಟು ನೋಡಿದರೂ ನನಗೆ ತಿಳಿಯಲಿಲ್ಲ. ಕಟ್ಟಿಸಿಕೊಂಡವಳಿಗೆ ಬೆನ್ನು ಮುಚ್ಚಿತು, ಕಟ್ಟಿದವಳಿಗೆ ಬಾಯಿ ತೆರೆಯಿತು. ಹೆಚ್ಚು ಸಿಕ್ಕಿದ್ದು ಯಾರಿಗೆ, ನೀನೇ ಹೇಳು. ನನಗೆ ಯಾರೂ ಏನೂ ಮಾಡಬೇಡಿ ಎಂದು ಬಾಗಿಲು ಹಾಕಿಕೊಂಡಾಗ ನಾನು ನಿನ್ನಿಂದ ಏನನ್ನು ಕಿತ್ತುಕೊಂಡೆ ಎಂದು ಈಗ ಗೊತ್ತಾಗುತ್ತಿದೆ. ಬಾಗಿಲನ್ನು ನೀನು ಅಷ್ಟು ಮೆಲ್ಲಗೆ ಎಳೆದುಕೊಂಡದ್ದು ಯಾಕೆಂದೂ ಗೊತ್ತಾಗುತ್ತಿದೆ.

ಸರಿ, ಕೊನೆಯ ಪುಟಕ್ಕೆ ಬಂದೆ. ನಿನ್ನೆ ನಾನೇ ಡಾಕ್ಟರ ಕೋಣೆಗೆ ಹೋಗಿ, ಶುಕ್ರವಾರ ಬರುತ್ತೇನೆ ಅಂದೆ. ಓಡಿಹೋಗುವುದಿಲ್ಲವಷ್ಟೇ ಎಂದು ಅವರು ಕೇಳಿದರು. ದೊಡ್ಡ ಸಿಸ್ಟರ್ ನನ್ನ ಕೋಟನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರಂತೆ. ಗುರುವಾರ ಸಂಜೆ ಸೇರಿಕೊಳ್ಳಬೇಕು. ನೀನು ಗಾಬರಿ ಬಿದ್ದು ಬರಬೇಕಾಗಿಲ್ಲ. ಮಕ್ಕಳ ಈಜಿನ ಪಾಠ ತಪ್ಪಿಸಬೇಡ, ಅಳಿಯಂದಿರಿಗೂ ತೊಂದರೆ ಕೊಡಬೇಡ. ಇಲ್ಲಿ ವಾರ್ಡಿನ ತುಂಬ ಜನ ಇದ್ದಾರೆ. ಎಲ್ಲ ಮುಗಿದ ಮೇಲೆ ದೊಡ್ಡ ಸಿಸ್ಟರೇ ಫೋನು ಮಾಡುತ್ತಾರೆ. ಆಗ ಎತ್ತು, ನನ್ನ ಹಾಗೆ ನೋಡುತ್ತಾ ಕೂರಬೇಡ.

ಹೊಟ್ಟೆ ತುಂಬ ಉಣ್ಣು, ಒದ್ದೆ ತಲೆಯಲ್ಲಿ ಗಾಳಿಗೆ ಹೋಗಬೇಡ.

ಇಷ್ಟೆಲ್ಲ ಆದರೂ ನಿನ್ನ ಹಟಮಾರಿ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ನನಗೆಂದು ಹೊಲಿದುಕೊಂಡ ಗೌನಿನ ವಿಷಯ. ವಾರ್ಡಿಗೆಲ್ಲ ಗಿಡ್ಡ ಲಾಡಿ ಇಟ್ಟವಳು, ತಪ್ಪು ಗೊತ್ತಾದ ಮೇಲೆ ನನ್ನದಕ್ಕೆ ಮಾತ್ರ ಗುಟ್ಟಾಗಿ ಉದ್ದನೆಯದು ಇಟ್ಟಿದ್ದೆ, ಸೊಂಟ ಸುತ್ತಿ ಮುಂದೆ ಬಂದು ನಾನೇ ಕಟ್ಟಿಕೊಳ್ಳುವ ಹಾಗೆ. ಲಕೋಟೆ ಅಂಟಿಸಲು ಹೋದವಳು ವಾಪಸು ಬಂದು, ಕತ್ತರಿ ತೆಗೆದು, ಅದನ್ನು ಗಿಡ್ಡ ಮಾಡಿದೆ. ಈಗ ಹಿಂದಕ್ಕೆ ಕೈ ಹಾಕಿ ನೋಡಿದೆ, ಎಟಕುವುದಿಲ್ಲ. ಶುಕ್ರವಾರ ಬೆಳಿಗ್ಗೆ ಬೇಗನೆ ಗೌನು ಹಾಕಿಸುತ್ತಾರೆ. ಕಂಡಕ್ಟರು ಕಟ್ಟುತ್ತೇನೆ ಅಂದಳು, ಬೇಡ, ನನ್ನ ಮಗಳಿದ್ದಾಳೆ ಅಂದುಬಿಟ್ಟಿದ್ದೇನೆ. ಮೇಲೆ ಬರಬೇಡ ಎಂದು ಬರೆದದ್ದನ್ನು ಹೊಡೆದುಹಾಕು. ಬಾ, ನೂಲುಂಡೆ. ಗಂಟನ್ನು ತೀರ ಬಿಗಿಯಾಗಿ ಹಾಕಬೇಡ, ಆಮೇಲೆ ಬಿಚ್ಚಬೇಕಾದವಳೂ ನೀನೇ.